ಮೆಟ್ಟುಗತ್ತಿ ಮುಂದೆ ಎಲ್ಲರೂ ಕೂತವರೇ

ಮೊನ್ನೆ ಮೊನ್ನೆಯವರೆಗೂ ಮಳೆಗಾಲದಲ್ಲಿ ನಾನು ಮನೆಯಿಂದ ಡಾಂಬರು ರಸ್ತೆಗೆ ಬರಬೇಕಾದರೆ ಮೂರು ಜನ ಬೇಕಿತ್ತು. ಪಾಚಿಗಟ್ಟಿದ ಅಂಗಳದಲ್ಲಿ ಜಾರದಂತೆ ತೋಳು ಹಿಡಿಯಲು ಮನೆಯವಳು. ತೋಟದ ಬೇಲಿಯ ತಡಬೆ ದಾಟಿಸಲು ದಾರಿಯಲ್ಲಿ ಸಿಕ್ಕ ಯಾರಾದರೊಬ್ಬರು. ಆಮೇಲೆ ಹಳ್ಳ. ಅದರ ಮೇಲೆ ಎರಡು ಅಡಿಕೆ ಮರ ಜೋಡಿಸಿ ಕಟ್ಟಿದ ಕಾಲುಸಂಕ, ಹಿಡಿದುಕೊಳ್ಳಲು ಒಂದು ಬಿದಿರು. ಅಲ್ಲಿಗೆ ಕೆಳಮನೆ ಅಣ್ಣಯ್ಯನೇ ಬರಬೇಕು. ನನ್ನ ಊರುಗೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ನನ್ನನ್ನು ಬೆನ್ನಿಗೆ ಹಾಕಿಕೊಂಡು, ಅಡ್ಡಡ್ಡ ಹೆಜ್ಜೆ ಇಡುತ್ತ ದಾಟಿಸುತ್ತಿದ್ದರು. ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ. ಕರೆಯದೆ ಬಂದ ದಿನಗಳೇ ಹೆಚ್ಚು.

ನಮ್ಮ ಮನೆ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳ್ಳಿಯಿಂದ ನಾಲ್ಕು ಕಿಲೋಮೀಟರು ಒಳಗೆ. ನಾನು ಹುಟ್ಟಿದ್ದು 1971ರಲ್ಲಿ. ಒಂದೂವರೆ ವರ್ಷಕ್ಕೆ ಜ್ವರ ಬಂತು. ಜ್ವರ ಬಿಟ್ಟಿತು, ಬಲಗಾಲು ಏಳಲಿಲ್ಲ. ಆಗ ಸುತ್ತಿನ ಹಳ್ಳಿಗಳಲ್ಲಿ ಊರಿಗೊಂದಾದರೂ ಪೋಲಿಯೊ ಕಾಲು ಇರುತ್ತಿತ್ತು. 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದೇ ದೇಶದ ಕೊನೆಯ ಸಹಜ ಪೋಲಿಯೊ ಪ್ರಕರಣ. 2014ರ ಮಾರ್ಚಿನಲ್ಲಿ ಭಾರತ ಪೋಲಿಯೊಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಅಲ್ಲಿಗೆ ನಾವು ಈ ಸಾಲಿನ ಕೊನೆಯವರು.

ಹಳ್ಳಿಯಲ್ಲೂ ಇದ್ದವನು, ಬೆಂಗಳೂರಿನಲ್ಲೂ ಒಂಬತ್ತು ವರ್ಷ ಇದ್ದವನು ನಾನು. ಅದಕ್ಕೇ ಕೆಲವರು ಕೇಳುತ್ತಾರೆ, "ನಿಮ್ಮಂಥವರನ್ನು ಎಲ್ಲಿಯ ಜನ ಚೆನ್ನಾಗಿ ನೋಡಿಕೊಳ್ಳುತ್ತಾರೆ?" ಪ್ರಶ್ನೆಯೇ ಸ್ವಲ್ಪ ಜಾರು ಅಂಗಳ. ಜನ ಎಲ್ಲ ಕಡೆಯೂ ಜನರೇ. ಬದಲಾಗುವುದು ನೆಲ, ದಾರಿ, ಬಸ್ಸು, ಕೆಲಸ. ನನ್ನನ್ನು ಜನ ಹೇಗೆ ಕಂಡರು ಎಂಬುದು ನಾನು ಎಲ್ಲಿ ಕೂತಿದ್ದೆ ಎಂಬುದರ ಮೇಲೆ ನಿಂತಿತ್ತು.

ಹೊರುವ ಊರು

ನಮ್ಮೂರಿನಲ್ಲಿ ನನ್ನ ಹೆಸರಿನವರು ಮೂವರು. ಒಬ್ಬ 'ಉದ್ದ', ಒಬ್ಬ 'ಅಂಗಡಿ', ನಾನು 'ಕುಂಟ'. ಇದನ್ನು ಬೈಗುಳ ಅಂತ ಯಾರೂ ಅನ್ನುತ್ತಿರಲಿಲ್ಲ, ಗುರುತು ಅಷ್ಟೆ. ಕುಂಟ ಅನ್ನುವವರೇ ಮದುವೆಮನೆಯಲ್ಲಿ ಪಂಕ್ತಿಯ ತುದಿಯಲ್ಲಿ ಕಾಲು ಚಾಚುವ ಹಾಗೆ ಜಾಗ ಹಿಡಿದಿಟ್ಟು ಕರೆಯುತ್ತಿದ್ದರು. ಮೂರನೇ ತರಗತಿಯಿಂದ ಏಳನೇ ತರಗತಿಯವರೆಗೆ ನನ್ನನ್ನು ಶಾಲೆಗೆ ಹೊತ್ತವರು ಸಹಪಾಠಿಗಳು, ಸರದಿಯ ಮೇಲೆ. ಮನೆಯಲ್ಲಿ ಯಾರೂ ಹೇಳಿ ಮಾಡಿಸಿದ್ದಲ್ಲ.

ಆದರೆ ಹೊತ್ತೊಯ್ಯಿಸಿಕೊಳ್ಳುವವನಿಗೆ ಒಂದು ಲೆಕ್ಕ ಇರುತ್ತದೆ. ಇವತ್ತು ಯಾರನ್ನು ಕೇಳಲಿ? ನಿನ್ನೆ ಕೇಳಿದ್ದೆನಲ್ಲ? ಅವರಿಗೆ ನಾಟಿ ಇದೆ, ಕೊಯ್ಲು ಇದೆ. ಹೀಗೆ ಲೆಕ್ಕ ಹಾಕಿ ಹಾಕಿ ಕೊನೆಗೆ, ಹೋಗದಿದ್ದರೂ ನಡೆಯುತ್ತದೆ ಅನ್ನುವ ಕಡೆಗೆಲ್ಲ ಹೋಗುವುದನ್ನು ಬಿಟ್ಟೆ. ನಾಟಕ ಬಿಟ್ಟೆ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ ಬಿಟ್ಟೆ. "ಅವನಿಗೆ ಅದೆಲ್ಲ ಆಸೆ ಇಲ್ಲ" ಅಂತ ಊರು ತಿಳಿದುಕೊಂಡಿತು.

1994ರ ನವೆಂಬರಿನಲ್ಲಿ ಕುವೆಂಪು ಅವರ ಅಂತ್ಯಸಂಸ್ಕಾರ ಕವಿಶೈಲದಲ್ಲಿ ನಡೆದ ದಿನ ಸುತ್ತಿನ ಹಳ್ಳಿಗಳೆಲ್ಲ ಗುಡ್ಡ ಹತ್ತಿದವು. ನಾನು ಕೆಳಗೆ ಒಂದು ಕಟ್ಟೆಯ ಮೇಲೆ ಕೂತೆ. ಪಕ್ಕದಲ್ಲಿ ಇಬ್ಬರು ಮುದುಕಿಯರು, ಒಬ್ಬ ಬಸುರಿ ಹೆಂಗಸು. ಇಬ್ಬರು ಹುಡುಗರು ಬಂದು, "ಬನ್ನಿ ಅಣ್ಣ, ಎತ್ತಿಕೊಂಡು ಹೋಗ್ತೀವಿ" ಅಂದರು. ಒಲ್ಲೆ ಅಂದೆ. ಆ ದಿನ ಎಲ್ಲರ ಕಣ್ಣೂ ಕವಿಯ ಮೇಲೆ ಇರಬೇಕಿತ್ತು. ನನ್ನನ್ನು ಹೊತ್ತು ತಂದರೆ ದಾರಿಯುದ್ದ ನಾನೇ ನೋಟವಾಗುತ್ತಿದ್ದೆ. ಇಪ್ಪತ್ತಮೂರು ವರ್ಷದ ಹುಡುಗನಿಗೆ ಅದು ಬೇಕಿರಲಿಲ್ಲ.

ಊರಿನಲ್ಲಿ ನನ್ನ ಕಾಲು ಮರೆತುಹೋಗುತ್ತಿದ್ದ ಜಾಗ ಒಂದೇ ಇತ್ತು. ಅಡಿಕೆ ಸುಲಿಯುವ ಜಗಲಿ.

ಗೊತ್ತಿಲ್ಲದವರಿಗೆ ಹೇಳಬೇಕು. ನಮ್ಮ ಕಡೆ ಎಳೆಯ ಅಡಿಕೆಯನ್ನು ಹಸಿಯಾಗಿರುವಾಗಲೇ ಸುಲಿದು, ಚೊಗರಿನಲ್ಲಿ ಬೇಯಿಸಿ, ಒಣಗಿಸುತ್ತೇವೆ. ಕೊಯ್ದ ಗೊನೆಯನ್ನು ಹಾಗೇ ಇಟ್ಟುಕೊಳ್ಳುವಂತಿಲ್ಲ, ಬೇಗ ಸುಲಿದು ಮುಗಿಸಬೇಕು. ಆದ್ದರಿಂದ ಸುಗ್ಗಿಯಲ್ಲಿ ರಾತ್ರಿ ಹನ್ನೊಂದರವರೆಗೂ ಜಗಲಿ ತುಂಬ ಜನ. ಹಲಗೆಗೆ ನೆಟ್ಟ ಮೆಟ್ಟುಗತ್ತಿ, ಪಕ್ಕದಲ್ಲಿ ಅಡಿಕೆ ರಾಶಿ, ಮುಂದೆ ಡಬ್ಬ. ಸಂಬಳ ಡಬ್ಬದ ಲೆಕ್ಕ. ಈ ಕೆಲಸಕ್ಕೆ ಎರಡು ಕೈ, ಹಲಗೆಯನ್ನು ಒತ್ತಿ ಹಿಡಿಯಲು ಒಂದು ಕಾಲು ಇದ್ದರೆ ಸಾಕು. ಅಷ್ಟಕ್ಕೆ ನನಗೆ ಎಡಗಾಲು ಇತ್ತು. ಅಲ್ಲಿ ಒಡೆಯರ ಮಗನೂ ಕೂತಿರುತ್ತಾನೆ, ಆಳೂ ಕೂತಿರುತ್ತಾನೆ, ನಾನೂ ಕೂತಿರುತ್ತೇನೆ. ನಿಂತವರು ಯಾರೂ ಇಲ್ಲದ ಜಾಗದಲ್ಲಿ ಕುಂಟ ಯಾರು? ಮೂವತ್ತು ಜನರ ಸಾಲಿನಲ್ಲಿ ನನ್ನ ಕೈ ಚುರುಕು. "ಇವನ ಡಬ್ಬ ನೋಡ್ರೋ" ಅಂತ ಹೊಟ್ಟೆಕಿಚ್ಚು ಪಡುವವರೂ ಇದ್ದರು. ನನ್ನ ಮೇಲೆ ಯಾರಾದರೂ ಹೊಟ್ಟೆಕಿಚ್ಚು ಪಡಬಹುದು ಎಂಬುದೇ ನನಗೆ ಆಗ ದೊಡ್ಡ ಸಂಭ್ರಮ.

ಹಳದಿ ಡಬ್ಬಿಯೊಳಗೆ

1996ರಲ್ಲಿ ನೆಂಟರೊಬ್ಬರ ಓಡಾಟದಿಂದ ಬೆಂಗಳೂರಿನ ರಾಜಾಜಿನಗರದಲ್ಲಿ ಒಂದು ಎಸ್‌ಟಿಡಿ ಬೂತು ಸಿಕ್ಕಿತು. ಆಗ ಬೂತು ಹಂಚುವಾಗ ಅಂಗವಿಕಲರಿಗೆ ಆದ್ಯತೆ ಇತ್ತು. ಹಳದಿ ಬಣ್ಣದ ಡಬ್ಬಿ, ಗಾಜಿನ ಬಾಗಿಲು, ಕೆಂಪಕ್ಷರದ ಮೀಟರು. ಮತ್ತೆ ಅದೇ, ಕೂತು ಮಾಡುವ ಕೆಲಸ. ಬಂದವರು ನೋಡುತ್ತಿದ್ದುದು ಮೀಟರನ್ನು. "ಸಾರ್, ಶಿವಮೊಗ್ಗಕ್ಕೆ ರಾತ್ರಿ ಎಷ್ಟು ಗಂಟೆಯಿಂದ ರೇಟು ಕಮ್ಮಿ?" ಅಂತ ಕೇಳುವರು. ನನ್ನನ್ನು ಯಾರಾದರೂ ಸಾರ್ ಅಂದದ್ದು ಅಲ್ಲೇ ಮೊದಲು. ಕೆಲವರಿಗೆ ವರ್ಷಗಟ್ಟಲೆ ಕಳೆದರೂ ನನ್ನ ಕಾಲಿನ ವಿಷಯ ಗೊತ್ತಿರಲಿಲ್ಲ.

ಒಂದು ಭಾನುವಾರ ಬೂತು ಮುಚ್ಚಿ ಊರಿಗೆ ಹೊರಟು ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕಾಯುತ್ತ ಕಂಬಕ್ಕೆ ಒರಗಿ ನಿಂತಿದ್ದೆ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಊರುಗೋಲು. ವಯಸ್ಸಾದ ಹೆಂಗಸೊಬ್ಬರು ನಡೆದು ಹೋಗುತ್ತಿದ್ದವರು ನಿಂತು, ಸೆರಗಿನ ಗಂಟು ಬಿಚ್ಚಿ, ಒಂದು ರೂಪಾಯಿ ತೆಗೆದು ನನ್ನ ಅಂಗೈಯಲ್ಲಿಟ್ಟರು. "ತಗೊಳಪ್ಪ" ಅಂದರು. ಬೇಡಮ್ಮ ಅನ್ನುವಷ್ಟರಲ್ಲಿ ಜನರಲ್ಲಿ ಕರಗಿಹೋದರು. ಬೆಳಿಗ್ಗೆ ಸಾರ್ ಆಗಿದ್ದವನು ಮಧ್ಯಾಹ್ನ ಭಿಕ್ಷುಕ. ನಡುವೆ ಬದಲಾದದ್ದು ಒಂದೇ: ಬೂತಿನಲ್ಲಿ ಕೂತಿದ್ದೆ, ಮೆಜೆಸ್ಟಿಕ್ಕಿನಲ್ಲಿ ನಿಂತಿದ್ದೆ.

ನಮ್ಮೂರಿನಲ್ಲಿ ಯಾರೂ ನನ್ನ ಕೈಗೆ ದುಡ್ಡು ಇಡಲಾರರು. ನಾನು ಯಾರ ಮಗ, ಎಷ್ಟು ತೋಟ, ಎಷ್ಟು ಸಾಲ ಎಲ್ಲರಿಗೂ ಗೊತ್ತು. ಪಟ್ಟಣಕ್ಕೆ ಗೊತ್ತಿರುವುದು ಕೋಲು ಮಾತ್ರ. ಆದರೆ ಆ ಪಟ್ಟಣದಲ್ಲೇ ನಾನು ಯಾರನ್ನೂ ಕೇಳದೆ ಸಿನಿಮಾಕ್ಕೆ ಹೋದೆ, ಒಬ್ಬನೇ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆ, ಆಟೋ ಹತ್ತಿ ಇಷ್ಟಬಂದ ಕಡೆ ಇಳಿದೆ. ಒಂದು ರೂಪಾಯಿಯ ಅವಮಾನ ಒಂದು ಕಡೆ, ಲೆಕ್ಕ ಹಾಕದೆ ಹೊರಡುವ ಸುಖ ಇನ್ನೊಂದು ಕಡೆ. ಯಾವುದು ತೂಕ ಅಂತ ಕೇಳಿದರೆ ಇವತ್ತಿಗೂ ತಕ್ಕಡಿ ಅಲುಗಾಡುತ್ತದೆ.

ಮೊಬೈಲು ಬಂತು, ಬೂತು ಬಿತ್ತು. 2005ರಲ್ಲಿ ಊರಿಗೆ ವಾಪಸಾದೆ. ಕೆಲವೇ ವರ್ಷದಲ್ಲಿ ಜಗಲಿಗೆ ಅಡಿಕೆ ಸುಲಿಯುವ ಯಂತ್ರವೂ ಬಂತು. ಅದಕ್ಕೆ ಮೂಟೆ ಹೊತ್ತು ಸುರಿಯಬೇಕು, ನಿಂತು ನೋಡಿಕೊಳ್ಳಬೇಕು. ಕೂತು ಮಾಡುವ ನನ್ನ ಎರಡು ಕೆಲಸಗಳನ್ನೂ ಯಂತ್ರಗಳು ತೆಗೆದುಕೊಂಡವು. ಅವನ್ನು ದೂರುತ್ತಿಲ್ಲ, ಆಳು ಸಿಗದ ಕಾಲದಲ್ಲಿ ತೋಟದವರಿಗೆ ಬೇರೆ ದಾರಿ ಇರಲಿಲ್ಲ. ಆದರೆ ಜಗಲಿ ಖಾಲಿಯಾದ ಮೇಲೆ ನಾನು ಮತ್ತೆ ಕುಂಟನಾದೆ.

ಊರ ಹೆಸರೇ ಕಾಯಿಲೆಯಾದಾಗ

ನನ್ನದಾದರೂ ಒಂದು ಕಾಲಿನ ಕಥೆ. ನಮ್ಮ ಜಿಲ್ಲೆಯಲ್ಲೇ ಇಡೀ ಒಂದು ಊರು ಕಾಯಿಲೆಯ ಹೆಸರಾಗಿಬಿಟ್ಟದ್ದಿದೆ. 1970ರ ದಶಕದ ಮಧ್ಯದಲ್ಲಿ ಸಾಗರದ ಹತ್ತಿರದ ಹಂದಿಗೋಡಿನಲ್ಲಿ ಕೂಲಿ ಮಾಡುವ ದಲಿತ ಕುಟುಂಬಗಳಲ್ಲಿ ಒಂದು ವಿಚಿತ್ರ ಬೇನೆ ಬೆಳಕಿಗೆ ಬಂತು. ಸೊಂಟದ ಕೀಲು, ಮಂಡಿ ನೋಯಲು ಶುರುವಾಗಿ, ಬರಬರುತ್ತ ನಡೆಯಲಾಗದ ಹಾಗೆ ಆಗುತ್ತಿತ್ತು. ಕೆಲವರ ಬೆಳವಣಿಗೆಯೇ ಕುಂಠಿತವಾಗಿ ಕುಳ್ಳಗೆ ಉಳಿಯುತ್ತಿದ್ದರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಬೇರೆ ಹಳ್ಳಿಗಳಲ್ಲೂ ಇದೇ ಬೇನೆ ಇತ್ತು. ಹೆಸರು ಮಾತ್ರ ಹಂದಿಗೋಡು ಕಾಯಿಲೆ ಎಂದೇ ನಿಂತಿತು.

ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯವರು ಬಂದು ಅಭ್ಯಾಸ ಮಾಡಿ 1977ರಲ್ಲಿ ವರದಿ ಪ್ರಕಟಿಸಿದರು. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದರಿಂದ ಹೀಗಾಯಿತೇ ಎಂಬ ಗುಮಾನಿ ಆಗ ಬಲವಾಗಿತ್ತು. ಆಮೇಲಿನ ಸಂಶೋಧನೆಗಳು ಇದು ವಂಶವಾಹಿಯಿಂದ ಬರುವ ಮೂಳೆಯ ದೋಷ, ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೂ ಮಕ್ಕಳಿಗೆ ಬರಬಹುದು ಎಂದು ಹೇಳಿದವು. ಎಕ್ಸ್‌ರೇಗಳನ್ನು ಆಧರಿಸಿದ ವಿವರವಾದ ಅಧ್ಯಯನ 1994ರಲ್ಲಿ ಹೊರಬಂತು.

ಕಾರಣ ಬದಲಾದಂತೆ ತಪ್ಪು ಯಾರದ್ದು ಎಂಬ ಮಾತೂ ಬದಲಾಗುವುದನ್ನು ಗಮನಿಸಿ. ಏಡಿ ಮತ್ತು ಕೀಟನಾಶಕ ಅಂದಾಗ ತಪ್ಪು ಗದ್ದೆಯದು, ಔಷಧಿ ಹೊಡೆಸಿದವರದು. ವಂಶದ್ದು ಅಂದ ಕೂಡಲೇ ಅದು 'ಅವರದೇ' ಆಗಿಬಿಡುತ್ತದೆ. ವಿಜ್ಞಾನ ಹೇಳಿದ್ದು ವಂಶವಾಹಿ, ಜಗಲಿಯ ಮೇಲೆ ಅದು ಹಣೆಬರಹವಾಗುತ್ತದೆ. ಅಂಟುರೋಗವೇ ಅಲ್ಲದ ಬೇನೆಗೆ ಅಂಟಿನ ಭಯ ಸೇರಿಕೊಳ್ಳುತ್ತದೆ. ಮೊದಲೇ ಊರ ಅಂಚಿನಲ್ಲಿ ಇದ್ದವರು ಇನ್ನಷ್ಟು ಅಂಚಿಗೆ. ಪೋಲಿಯೊ ಕಾಲಿನ ನನಗೆ ಒಡೆಯರ ಜಗಲಿಯ ಮೇಲೆ ಮೆಟ್ಟುಗತ್ತಿ ಸಿಕ್ಕಿತು. ಸೊಂಟ ಹಿಡಿದ ಎಲ್ಲರಿಗೂ ಆ ಜಗಲಿ ಹತ್ತುವ ದಾರಿ ಇತ್ತೇ? ಊರು ಅಂದರೆ ನಕ್ಷೆಯ ಮೇಲಿನ ಚುಕ್ಕೆಯಷ್ಟೇ ಅಲ್ಲ. ಊರೊಳಗೆ ಯಾವ ಕೇರಿ ಎಂಬುದೂ ಊರೇ.

ಸೊರಬದ ಕ್ಯಾಸನೂರಿಗೂ ಇದೇ ಗತಿ. 1957ರಲ್ಲಿ ಅಲ್ಲಿಯ ಕಾಡಿನಲ್ಲಿ ಮಂಗಗಳು ಸತ್ತು, ಜನಕ್ಕೂ ಜ್ವರ ಬಂದು, ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಊರಿನ ಹೆಸರು ರೋಗದ ಹೆಸರಾಯಿತು. ಹೊಸ ಸಾಂಕ್ರಾಮಿಕ ರೋಗಗಳಿಗೆ ಊರಿನ ಹೆಸರು ಇಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಅಷ್ಟರಲ್ಲಿ ನಮ್ಮ ಎರಡು ಹಳ್ಳಿಗಳ ಹೆಸರು ಹೋಗಿಯಾಗಿತ್ತು.

ಊರು ಕೊಡುವುದು ಕಳಂಕವನ್ನೇ ಅಂತಲೂ ಅಲ್ಲ. ಗದಗಿನಲ್ಲಿ ಕಣ್ಣಿಲ್ಲದವರು ಹಾರ್ಮೋನಿಯಂ ಮುಂದೆ ಕೂತರೆ ಜನ ಕೈಮುಗಿಯುತ್ತಾರೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಬದುಕಿದ್ದ ಪುಟ್ಟರಾಜ ಗವಾಯಿಗಳು ವೀರೇಶ್ವರ ಪುಣ್ಯಾಶ್ರಮದಲ್ಲಿ ಕಟ್ಟಿದ್ದು ಅದನ್ನೇ. ಅಂಧರಿಗೆ ಅಲ್ಲಿ ಊಟದ ಜೊತೆ ವಿದ್ಯೆ ಸಿಕ್ಕಿತು, ವಿದ್ಯೆಯ ಜೊತೆ ಗವಾಯಿ ಎಂಬ ಹೆಸರೂ ಸಿಕ್ಕಿತು. ಆ ಸೀಮೆಯಲ್ಲಿ ಹುಟ್ಟಿದ ಕುರುಡು ಮಗುವಿನ ತಾಯಿಯ ಕಣ್ಣ ಮುಂದೆ ಒಂದು ದಾರಿಯಾದರೂ ಇತ್ತು. ಕುರುಡಿದ್ದೂ ಹಾಡಲು ಬಾರದವರ ಗತಿ ಏನು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೂ ನಮ್ಮ ಗುಡ್ಡಗಳಲ್ಲಿ ಅಂಥ ಮನೆಗಳಿಗೆ ಅಷ್ಟೂ ಇರಲಿಲ್ಲ.

ಗಡಿಯ ಕಥೆ ಬೇರೆ. ಕಾಸರಗೋಡಿನ ಪಡ್ರೆ ಸುತ್ತಮುತ್ತ ಕೇರಳದ ತೋಟಗಾರಿಕಾ ನಿಗಮದ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದರು. ದಕ್ಷಿಣ ಕನ್ನಡದ ಕೊಕ್ಕಡದ ಕಡೆ ನಮ್ಮ ರಾಜ್ಯದ ಗೇರು ತೋಟಗಳಿಗೂ ಅದೇ ವಿಷ. ಎರಡೂ ಕಡೆ ಕನ್ನಡ, ತುಳು ಆಡುವ ಮನೆಗಳು, ಮಲಗಿದಲ್ಲೇ ಇರುವ ಮಕ್ಕಳು. 2017ರಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಆಜ್ಞೆ ಮಾಡಿದ್ದು ಕೇರಳ ಸರ್ಕಾರಕ್ಕೆ. ಈಚೆಯವರ ಲೆಕ್ಕ ತಿಂಗಳ ಮಾಸಾಶನದ್ದು. ಮಗುವಿನ ಬೇನೆಗೆ ಗಡಿ ಇಲ್ಲ, ಪರಿಹಾರಕ್ಕೆ ಇದೆ.

ಟ್ರೈಸಿಕಲ್ಲಿನಲ್ಲಿ ಮೆಣಸು

ಬೆಂಗಳೂರಿನಿಂದ ಬಂದ ಮೇಲೆ ಕೆಲವು ವರ್ಷ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತನಾಗಿದ್ದೆ. ಎಲ್ಲರೂ ವಿಆರ್‌ಡಬ್ಲ್ಯೂ ಅನ್ನುವುದು. ಅಂಗವಿಕಲರನ್ನು ಹುಡುಕಿ ಪಟ್ಟಿ ಮಾಡುವುದು, ಪ್ರಮಾಣಪತ್ರ, ಪಿಂಚಣಿ ಮಾಡಿಸಿಕೊಡುವುದು ಕೆಲಸ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ಅಂಗವಿಕಲರು 2.68 ಕೋಟಿ, ಅವರಲ್ಲಿ ನೂರಕ್ಕೆ 69 ಜನ ಹಳ್ಳಿಗಳಲ್ಲಿ. ಕರ್ನಾಟಕದಲ್ಲಿ 13.24 ಲಕ್ಷ. ಆದರೆ ಸವಲತ್ತುಗಳನ್ನು ಯೋಚಿಸುವವರ ಕಣ್ಣ ಮುಂದೆ ಇರುವುದು ಚಪ್ಪಟೆ ನೆಲ.

ನನಗೆ ಮೊದಲು ಬಂದ ಸವಲತ್ತು ಕೈಯಿಂದ ತಿರುಗಿಸುವ ಟ್ರೈಸಿಕಲ್. ವಿಜಯಪುರದ ಬಯಲಿನಲ್ಲಿ ಅದು ರಥ. ನಮ್ಮ ಏರಿನಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಹಿಂದಕ್ಕೆ ಜಾರುತ್ತದೆ, ತಡಬೆಯಂತೂ ದಾಟುವುದೇ ಇಲ್ಲ. ಎರಡು ವರ್ಷ ಅದರ ಸೀಟಿನ ಮೇಲೆ ಗೆರಸಿ ಇಟ್ಟು ಕಾಳುಮೆಣಸು ಒಣಗಿಸಿದೆವು. ಆಮೇಲೆ ಬಂದ ಪಕ್ಕದ ಚಕ್ರಗಳಿರುವ ಸ್ಕೂಟರು ವಾಸಿ. ಆದರೂ ಒಂದು ಮಾರಿನ ಕಾಲುದಾರಿಯಲ್ಲಿ ಅದರ ಒಂದು ಚಕ್ರ ಯಾವಾಗಲೂ ಚರಂಡಿಯಲ್ಲೇ.

ಬಸ್ಸಿನದೂ ಹಾಗೆಯೇ. ಸಾರಿಗೆ ನಿಗಮದ ರಿಯಾಯಿತಿ ಪಾಸಿಗೆ ವರ್ಷಕ್ಕೆ 660 ರೂಪಾಯಿ ಕಟ್ಟಿದರೆ ಮನೆಯಿಂದ 100 ಕಿಲೋಮೀಟರು ಓಡಾಡಬಹುದು. ಒಳ್ಳೆಯ ಯೋಜನೆ. ಆದರೆ ನಮ್ಮ ಭಾಗದಲ್ಲಿ ಖಾಸಗಿ ಬಸ್ಸುಗಳದೇ ಕಾರುಬಾರು, ಪಾಸು ಜೇಬಿನಲ್ಲೇ ಬೆಚ್ಚಗಿರುತ್ತದೆ. 2023ರಲ್ಲಿ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲದ ಶಕ್ತಿ ಯೋಜನೆ ಬಂದಾಗ ನಮ್ಮ ಹೆಂಗಸರಿಗೂ ಇದೇ ಅನುಭವವಾಯಿತು. ಕೊಪ್ಪದಲ್ಲಿ 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಸಹಕಾರ ಸಾರಿಗೆ ಓಡುತ್ತಿದ್ದಾಗ ನಾನು ಕೈ ಎತ್ತಿದಲ್ಲಿ ಬಸ್ಸು ನಿಲ್ಲುತ್ತಿತ್ತು, ಕಂಡಕ್ಟರು ಇಳಿದು ಊರುಗೋಲು ಹಿಡಿದುಕೊಳ್ಳುತ್ತಿದ್ದರು. 2020ರಲ್ಲಿ ಅದೂ ನಿಂತುಹೋಯಿತು.

ಪಟ್ಟಿ ಮಾಡಲು ಹೋದಾಗ ಗುಡ್ಡದ ನೆತ್ತಿಯ ಒಂಟಿಮನೆಯಲ್ಲಿ ಒಬ್ಬ ಹುಡುಗಿಯನ್ನು ನೋಡಿದೆ. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಕೈಕಾಲು ಸ್ವಾಧೀನದಲ್ಲಿಲ್ಲ, ಆದರೆ ಮಾತು ಪೂರ್ತಿ ಅರ್ಥವಾಗುತ್ತದೆ, ನಗುತ್ತಾಳೆ. ಹದಿನಾರು ವರ್ಷ. ತುಂಗೆಯನ್ನು ನೋಡಿರಲಿಲ್ಲ. ಮನೆಯವರು ಬಚ್ಚಿಟ್ಟದ್ದಲ್ಲ, ಆರು ವರ್ಷದವರೆಗೆ ತಾಯಿ ಹೊತ್ತು ಇಳಿದಿದ್ದಾಳೆ, ಆಮೇಲೆ ಅವಳ ಸೊಂಟ ಕೇಳಲಿಲ್ಲ. ಕೆಳಗಿನ ಊರಿನಲ್ಲಿ ವಿಚಾರಿಸಿದರೆ, "ಹೌದಾ, ಆ ಮನೆಯಲ್ಲಿ ಒಂದು ಹುಡುಗಿ ಇದೆಯಾ?" ಅಂದರು. ಕಾಣದವರಿಗಾಗಿ ಊರು ದಾರಿ ಮಾಡುವುದಿಲ್ಲ. ದಾರಿ ಇಲ್ಲದೆ ಅವರು ಕಾಣುವುದೂ ಇಲ್ಲ.

ಹದಿನೆಂಟು ಅಡಿ

ಹೆಸರಿಗೇನೂ ಕೊರತೆಯಾಗಲಿಲ್ಲ. ನನ್ನ ಆಯುಸ್ಸಿನಲ್ಲೇ ನಾನು ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಲ್ಲವೂ ಆದೆ. ಕಾನೂನೂ ಬೆಳೆಯಿತು. 1995ರ ಕಾಯ್ದೆ 7 ಬಗೆಯ ವೈಕಲ್ಯವನ್ನು ಹೆಸರಿಸಿತ್ತು, 2016ರದು 21 ಬಗೆಯನ್ನು ಹೆಸರಿಸಿತು. ಈಗಿರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಮಗೆ ಎಟುಕುವಂತೆ ಮಾಡಲು 5 ವರ್ಷದ ಗಡುವನ್ನೂ ಹಾಕಿತು.

ಆ ಗಡುವಿನ ಬಿಸಿಗೆ ಒಂದು ಕಚೇರಿಗೆ ರ್‍ಯಾಂಪು ಕಟ್ಟಿದರು. ಯಾವ ಕಚೇರಿ ಅಂತ ಹೇಳುವುದಿಲ್ಲ, ಇಂಥದ್ದು ಎಲ್ಲೆಲ್ಲೂ ಇದೆ. ಮೂರು ಮೆಟ್ಟಿಲು, ಅಂದರೆ ಒಂದೂವರೆ ಅಡಿ ಎತ್ತರ. ನಿಯಮದ ಪ್ರಕಾರ ಒಂದಡಿ ಏರಿಗೆ ಹನ್ನೆರಡು ಅಡಿ ಉದ್ದ ಬೇಕು, ಒಟ್ಟು ಹದಿನೆಂಟು ಅಡಿ. ಅವರು ಕಟ್ಟಿದ್ದು ಐದಡಿ. ಮೇಲೆ ನುಣ್ಣಗೆ ಸಿಮೆಂಟು, ಮಾಡಿನ ನೀರು ನೇರ ಅದರ ಮೇಲೆ. ಮೊದಲ ಮಳೆಗಾಲಕ್ಕೆ ಪಾಚಿ ಹಿಡಿಯಿತು. ಶಾಲೆ ಬಿಟ್ಟ ಮಕ್ಕಳಿಗೆ ಜಾರುಬಂಡಿಯಾಯಿತು, ನೌಕರರಿಗೆ ಬೈಕು ಹತ್ತಿಸಲು ಅನುಕೂಲವಾಯಿತು. ನಾನು ಮೆಟ್ಟಿಲಿನಲ್ಲೇ ಹತ್ತಿದೆ. ಮಳೆ ಸುರಿಯುವ ಸೀಮೆಯ ರ್‍ಯಾಂಪಿಗೆ ಒರಟು ಕಲ್ಲು ಬೇಕು, ಮೇಲೊಂದು ಮಾಡು ಬೇಕು, ಹಿಡಿಯಲು ಕಂಬಿ ಬೇಕು. ಇದನ್ನು ಹೇಳಲು ಎಂಜಿನಿಯರೇ ಆಗಬೇಕಿಲ್ಲ, ಕಟ್ಟುವ ಮೊದಲು ನನ್ನನ್ನೋ ಒಬ್ಬ ಮುದುಕಿಯನ್ನೋ ಕರೆದು ಕೇಳಿದ್ದರೆ ಸಾಕಿತ್ತು.

ಗ್ರಾಮ ಪಂಚಾಯ್ತಿಗಳು ತಮ್ಮ ಸ್ವಂತ ಆದಾಯದಲ್ಲಿ ನೂರಕ್ಕೆ 5ನ್ನು ಅಂಗವಿಕಲರಿಗಾಗಿ ಖರ್ಚು ಮಾಡಬೇಕೆಂಬ ನಿಯಮ ಇದೆ. ವರ್ಷದ ಕೊನೆಯಲ್ಲಿ ಅದು ಕೈಗೆ ಕೊಡುವ ಸಣ್ಣ ಚೆಕ್ಕೋ ಕುರ್ಚಿಯೋ ಆಗುವುದೇ ಹೆಚ್ಚು. ನಾನು ಗ್ರಾಮಸಭೆಗಳಲ್ಲಿ ಒಂದೇ ಹಾಡು ಹಾಡುತ್ತ ಬಂದೆ: ನಮಗೆ ಹಂಚಬೇಡಿ, ದಾರಿ ಮಾಡಿ.

ಹೋದ ವರ್ಷ ನಮ್ಮ ಹಳ್ಳಕ್ಕೆ ಸಿಮೆಂಟಿನ ಕಿರುಸೇತುವೆ ಬಂತು. ಮೂರಡಿ ಅಗಲ, ಎರಡೂ ಕಡೆ ಕಬ್ಬಿಣದ ಕಂಬಿ. ಅದರ ಮೇಲೆ ಮೊದಲು ದಾಟಿದ್ದು ನಾನಲ್ಲ. ಹಾಲಿನ ಕ್ಯಾನು ದಾಟಿತು, ಅಡಿಕೆ ಮೂಟೆ ದಾಟಿತು, ಬಾಣಂತಿ ದಾಟಿದಳು, ಎಂಬತ್ತರ ಅಜ್ಜಿ ಹದಿನೈದು ವರ್ಷದ ಮೇಲೆ ಮಗಳ ಮನೆಗೆ ಹೋದಳು. ಒಬ್ಬ ಕುಂಟನ ಹೆಸರಿನಲ್ಲಿ ಕೇಳಿದ್ದು ಇಡೀ ಕೇರಿಗೆ ಬಂತು.

ನಾನು ದಾಟಿದ್ದು ಆಷಾಢದ ಒಂದು ಬೆಳಿಗ್ಗೆ. ಕೆಳಗೆ ಹಳ್ಳ ಕೆಂಪಗೆ ತುಂಬಿ ಹರಿಯುತ್ತಿತ್ತು. ಕೆಳಮನೆ ಅಣ್ಣಯ್ಯ ಅಭ್ಯಾಸಬಲದಿಂದ ಬಂದು ಆಚೆ ದಡದಲ್ಲಿ ನಿಂತಿದ್ದರು. ಅವರಿಗೂ ಈಗ ಅರವತ್ತೆಂಟು. ನಾನು ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಊರುಗೋಲು ಹಿಡಿದು ನಿಧಾನಕ್ಕೆ ಬಂದು ಅವರ ಎದುರು ನಿಂತೆ. ಅವರ ಎರಡೂ ಕೈ ಸುಮ್ಮನೆ ಮುಂದಕ್ಕೆ ಬಂದಿದ್ದವು, ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತವು. ಕಂಬಳಿ ಕೊಪ್ಪೆಯೊಳಗಿಂದ ನನ್ನನ್ನು ಒಂದು ಗಳಿಗೆ ನೋಡಿದರು.

"ಎಲೆ ಅಡಿಕೆ ಇದ್ಯಾ ಮಾರಾಯ?" ಅಂದರು.

ಜೇಬಿನಿಂದ ಸಂಚಿ ತೆಗೆದು ಕೊಟ್ಟೆ. ಅಷ್ಟು ವರ್ಷದಲ್ಲಿ ಅವರು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು.